ಮಾತಿನ ನಡುವೆ ದಾರಿ ಬದಲು

ಓದುಗರೇ, ಅಹಮದಾಬಾದಿನಿಂದ ಸೂರತ್ತಿಗೆ ರೈಲಿನಲ್ಲಿ ಹೋಗುತ್ತ ಹುಬ್ಬಳ್ಳಿಯ ಅಮ್ಮನೊಡನೆ ಫೋನಿನಲ್ಲಿ ಮಾತಾಡಿದ್ದೀರಾ? ಆ ಒಂದು ಕರೆಯೊಳಗೇ ನಿಮ್ಮ ಮಾತು ಸದ್ದಿಲ್ಲದೆ ದಾರಿ ಬದಲಿಸಿರಬಹುದು.

2012ರಲ್ಲಿ ಬೆಂಗಳೂರಿಗೆ 4ಜಿ ಬಂದಾಗ ಅದರ ಮೇಲೆ ಓಡುತ್ತಿದ್ದುದು ಇಂಟರ್ನೆಟ್ ಮಾತ್ರ. ಮುಂದೆ 4ಜಿ ಫೋನುಗಳು ಬಂದಾಗಲೂ ಕರೆ ಬಂದೊಡನೆ ಅವು 3ಜಿಗೋ 2ಜಿಗೋ ಇಳಿಯಬೇಕಿತ್ತು, ಮಾತು ಮುಗಿದ ಮೇಲೆ ಮತ್ತೆ ಹತ್ತಬೇಕಿತ್ತು. 2016ರ ಸೆಪ್ಟೆಂಬರಿನಲ್ಲಿ ಬಂದ ಜಿಯೋ ಮಾತನ್ನೂ 4ಜಿಯಲ್ಲೇ ಕಳಿಸಿತು. ಇದೇ ವೋಲ್ಟಿ. ವೊಡಾಫೋನ್ 2017ರ ಕೊನೆಗೆ ಘೋಷಿಸಿದ ಮೊದಲ ವೋಲ್ಟಿ ಪಟ್ಟಿಯಲ್ಲಿ ಗುಜರಾತ್, ಕರ್ನಾಟಕ ಎರಡೂ ಇದ್ದವು. ನಮ್ಮ ಎರಡೂ ಮನೆಗಳು!

ಆದರೆ ರೈಲು 4ಜಿ ಸಿಗ್ನಲ್ ಕ್ಷೀಣಿಸುವ ಕಡೆ ಬಂದರೆ? ಫೋನು ಸುತ್ತಲಿನ ಟವರುಗಳ ಬಲವನ್ನು ಅಳೆದು ತಿಳಿಸುತ್ತಲೇ ಇರುತ್ತದೆ. ನಿರ್ಧಾರ ಮಾತ್ರ ನೆಟ್‌ವರ್ಕಿನದು. ಅದು 2ಜಿಯಲ್ಲಿ ಮೊದಲೇ ಜಾಗ ಕಾದಿರಿಸಿ, ನಡೆಯುತ್ತಿರುವ ಮಾತನ್ನು ಅಲ್ಲಿಗೆ ದಾಟಿಸುತ್ತದೆ. ನಮಗೆ ಕೇಳಿಸುವುದು ಹೆಚ್ಚೆಂದರೆ ಒಂದು ಸಣ್ಣ ತೊದಲು. 2ಜಿಯೇ ಇಲ್ಲದ ಜಿಯೋದಲ್ಲಿ ಹೀಗೆ ಇಳಿಯಲು ಮೆಟ್ಟಿಲಿಲ್ಲ. ಮುಂದಿನ ಟವರ್ ಸಿಗದಿದ್ದರೆ ಕರೆ ಕಡಿಯುತ್ತದೆ.

ಏರ್‌ಟೆಲ್ 2020ರಲ್ಲಿ 3ಜಿಯನ್ನು ಮುಚ್ಚಿದಾಗಲೂ ಅದಕ್ಕಿಂತ ಹಳೆಯ 2ಜಿಯನ್ನು ಉಳಿಸಿಕೊಂಡಿತು. ಅಮ್ಮನ ಕೈಯಲ್ಲಿ ಇನ್ನೂ ಹಳೆಯ ಕೀಪ್ಯಾಡ್ ಫೋನಿದ್ದರೆ, ಅದಕ್ಕೂ ಅದೇ ಆಸರೆ.