ಹೊಗೆಯಿಲ್ಲದ ಹೊಗೆಸೊಪ್ಪು

ಹೋದ ಭಾನುವಾರ ಸಂಜೆ ಅತ್ತಿಗುಪ್ಪೆಯ ನಮ್ಮ ಮನೆಯಲ್ಲಿ ಟಿ.ವಿ.ಯಲ್ಲಿ ಒಂದು ಕನ್ನಡ ಚಿತ್ರ ನಡೆಯುತ್ತಿತ್ತು. ಖಳನಾಯಕನು ಸಿಗರೇಟು ಹಚ್ಚಿದೊಡನೆ ತೆರೆಯ ಅಂಚಿನಲ್ಲಿ ‘ಧೂಮಪಾನ ಆರೋಗ್ಯಕ್ಕೆ ಹಾನಿಕರ’ ಎಂಬ ಸಾಲು ಮೂಡಿತು. ಕೋಲಾರದ ಕಡೆಯಿಂದ ಬಂದಿದ್ದ ದೊಡ್ಡಮ್ಮ ಅದೇನೆಂದು ಕೇಳಿದರು; ಓದಿ ಹೇಳಿದೆ. ಅವರು ಕೆನ್ನೆಯಲ್ಲಿದ್ದ ಹೊಗೆಸೊಪ್ಪನ್ನು ಆ ಬದಿಯಿಂದ ಈ ಬದಿಗೆ ಸರಿಸಿ, “ಅದು ಸೇದೋರ್ಗೆ ಕಣಪ್ಪಾ, ನಮ್ಗಲ್ಲ” ಎಂದರು. ಕಾಲೇಜಿನಲ್ಲಿ ಇಷ್ಟು ವರ್ಷ ಕನ್ನಡ ಪಾಠ ಹೇಳಿದ ನನಗೆ ಆ ಮಾತಿಗೆ ಉತ್ತರ ಹೊಳೆಯಲಿಲ್ಲ.

ನಮ್ಮ ಭಾಷೆಯ ವಿನೋದವನ್ನು ನೋಡಿ. ಎಲೆಗೆ ಹೊಗೆಸೊಪ್ಪೆಂದು ಹೆಸರು. ಅದನ್ನು ಅಡಿಕೆಯೊಡನೆ ಜಗಿಯುವವರಿಗೆ ಹೊಗೆಯ ಸಂಪರ್ಕವೇ ಇಲ್ಲ. 2016–17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಭಾರತದ ವಯಸ್ಕರಲ್ಲಿ ಸೇದುವವರು ನೂರಕ್ಕೆ 10.7, ಹೊಗೆಯಿಲ್ಲದ ತಂಬಾಕನ್ನು ಬಳಸುವವರು 21.4. ಹೀಗಿರುವಾಗ ‘ಧೂಮಪಾನ’ವೆಂಬ ಸಂಸ್ಕೃತ ಪದವು ಯಾರನ್ನು ಕುರಿತು ಮಾತನಾಡುತ್ತಿದೆ?

ಈ ಎಲೆಯ ಕುರಿತ ವಾದ ನಮ್ಮಲ್ಲಿ ಹೊಸದೂ ಅಲ್ಲ. 1604ರ ಸುಮಾರಿಗೆ ಅಕ್ಬರನ ದೂತನಾಗಿ ಬಿಜಾಪುರಕ್ಕೆ ಬಂದಿದ್ದ ಅಸದ್ ಬೇಗನು ಅಲ್ಲಿ ತಂಬಾಕನ್ನು ಕಂಡು, ರತ್ನ ಕೂರಿಸಿದ ಕೊಳವೆಯೊಡನೆ ಅದನ್ನು ಬಾದಶಹನಿಗೆ ಕಾಣಿಕೆಯಾಗಿ ಒಯ್ದನು. ಬಾದಶಹನು ಎರಡು ದಮ್ಮು ಎಳೆಯುವಷ್ಟರಲ್ಲಿ ಆಸ್ಥಾನದ ಹಕೀಮನು ಅಡ್ಡಬಂದನು: ನಮ್ಮ ಪಂಡಿತರಾರೂ ಬರೆಯದ, ಯಾರೂ ಪರೀಕ್ಷಿಸದ ವಸ್ತುವಿದು ಎಂಬುದು ಅವನ ತಕರಾರು. ಅಸದ್ ಬೇಗನು ಬಿಡಲಿಲ್ಲ. ಯಾವ ರೂಢಿಯೂ ಮೊದಲು ಹೊಸದಾಗಿಯೇ ಇರುವುದಲ್ಲವೆ, ಪರಂಗಿಯವರಲ್ಲಿ ಜಾಣರಿಲ್ಲವೆ ಎಂದು ವಾದಿಸಿದನು. ಅಕ್ಬರನು ಮತ್ತೆ ಸೇದಲಿಲ್ಲವಾದರೂ ವಾದವನ್ನು ಮೆಚ್ಚಿದನು. ಅಮೀರರು ಎಲೆಯನ್ನು ಮೆಚ್ಚಿದರು. 1617ರಲ್ಲಿ ಜಹಾಂಗೀರನು ನಿಷೇಧಿಸಿದರೂ ಅದು ನಿಲ್ಲಲಿಲ್ಲ. ಆ ಹಕೀಮನ ಮಾತು ಸರಿಯಾಗಿತ್ತು, ಆದರೆ ಅದು ದರ್ಬಾರಿನ ಪಂಡಿತರಿಗಾಗಿ ಆಡಿದ ಮಾತು.

ಸ್ವತಂತ್ರ ಭಾರತವೂ ಹಾಗೆಯೇ ಆರಂಭಿಸಿತು. 1975ರ ಕಾನೂನು ಸಿಗರೇಟಿನ ಪೊಟ್ಟಣದ ಮೇಲೆ ಒಂದು ಸಾಲಿನ ಎಚ್ಚರಿಕೆಯನ್ನು ವಿಧಿಸಿತು. ಬೀಡಿಯೂ ಹೊಗೆಸೊಪ್ಪೂ ಅದರ ಹೊರಗೇ ಉಳಿದವು. ಅಂದರೆ ಬಡವರ ತಂಬಾಕು ಹೊರಗುಳಿಯಿತು.

ಬೇರೆ ಬಗೆಯ ಪ್ರಯತ್ನವೊಂದು ನಡೆದದ್ದು ದೊಡ್ಡಮ್ಮನ ಜಿಲ್ಲೆಯಲ್ಲೇ. 1986ರಲ್ಲಿ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯವರು ಕೋಲಾರದ ಹಳ್ಳಿಗಳಿಗೆ ಕರಪತ್ರ, ಭಿತ್ತಿಚಿತ್ರ, ಚಲನಚಿತ್ರಗಳನ್ನು ಹೊತ್ತು ಹೋದರು. ಅದಕ್ಕೂ ಮಿಗಿಲಾಗಿ ಜನರೊಡನೆ ಕುಳಿತು ಮಾತನಾಡಿದರು. ಏನೂ ಹೇಳದೆ ಬಿಟ್ಟ ಬೇರೆ ಹಳ್ಳಿಗಳನ್ನೂ ಹೋಲಿಕೆಗಾಗಿ ಎಣಿಸಿಕೊಂಡರು. ಐದು ವರ್ಷದ ನಂತರ ನೋಡಿದರೆ, ತಿಳಿವಳಿಕೆ ನೀಡಿದ ಊರುಗಳಲ್ಲಿ ಚಟವಿದ್ದ ಗಂಡಸರಲ್ಲಿ ನೂರಕ್ಕೆ 26ಕ್ಕೂ ಹೆಚ್ಚು ಮಂದಿ, ಹೆಂಗಸರಲ್ಲಿ 36ಕ್ಕೂ ಹೆಚ್ಚು ಮಂದಿ ಅದನ್ನು ಬಿಟ್ಟಿದ್ದರು. ಹೆಂಗಸರ ಸಂಖ್ಯೆಯೇ ಮೇಲು! ತಮ್ಮನ್ನು ಕುರಿತು, ತಾವು ಜಗಿಯುವ ಎಲೆಯನ್ನು ಕುರಿತು ಅವರಿಗೆ ಯಾರಾದರೂ ಹೇಳಿದ್ದು ಅದೇ ಮೊದಲಿರಬೇಕೆಂದು ನನ್ನ ಊಹೆ.

ಆಮೇಲೆ ಚಿತ್ರಗಳು ಬಂದವು. 2009ರಲ್ಲಿ ಸಣ್ಣದಾಗಿ, 2016ರ ಏಪ್ರಿಲ್‌ನಿಂದ ಪೊಟ್ಟಣದ ನೂರಕ್ಕೆ 85 ಭಾಗವನ್ನು ಆವರಿಸಿ. ಅಕ್ಷರ ಬಾರದವರಿಗೂ ತಿಳಿಯುವ ಈ ಭಾಷೆಗೆ ಕಂಪನಿಗಳು ಬೆಚ್ಚಿದವು. ನಾಡಿನ ನಾನಾ ಕಡೆಯ ಮೊಕದ್ದಮೆಗಳೆಲ್ಲ ನಮ್ಮ ಹೈಕೋರ್ಟಿಗೇ ಬಂದು ಸೇರಿದವು. 2017ರ ಡಿಸೆಂಬರ್‌ನಲ್ಲಿ ಹೈಕೋರ್ಟು ಆ ನಿಯಮವನ್ನು ರದ್ದುಮಾಡಿತು. ಮರುತಿಂಗಳೇ ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ನೀಡಿತು. ಒಂದು ಸಾಲಿನ ಬರೆಹಕ್ಕೆ ಯಾರು ಇಷ್ಟು ಹೋರಾಡಿಯಾರು?

ಆದರೆ ದೊಡ್ಡಮ್ಮ ಕೊಳ್ಳುವುದು ಪೊಟ್ಟಣವನ್ನಲ್ಲ. ಸಂತೆಯಲ್ಲಿ ತೂಗಿ ಹಳೆಯ ಪತ್ರಿಕೆಯಲ್ಲಿ ಸುತ್ತಿಕೊಡುವ ಬಿಡಿ ಎಲೆ ಅದು. ಆ ಕಾಗದದ ಮೇಲೆ ಸಾಲೂ ಇಲ್ಲ, ಚಿತ್ರವೂ ಇಲ್ಲ. ಬಹುಶಃ ನನ್ನಂಥವರ ಲೇಖನವೊಂದಿರಬಹುದು. ಸೋಮವಾರ ಕಾಲೇಜಿನಿಂದ ಬರುವಾಗ ಮೆಟ್ರೋ ನಿಲ್ದಾಣದ ಬಳಿಯ ಅಂಗಡಿಯಲ್ಲಿ ಜಗಿಯುವ ತಂಬಾಕಿನ ಪೊಟ್ಟಣವೊಂದನ್ನು ಕೊಂಡುತಂದು ಅವರ ಕೈಗಿತ್ತೆ. ಕನ್ನಡಕ ಹಾಕಿಕೊಂಡು ಆ ಹುಣ್ಣಾದ ಬಾಯಿಯ ಚಿತ್ರವನ್ನು ಬಹಳ ಹೊತ್ತು ನೋಡಿದರು. “ಮೊದ್ಲು ಹೆಂಗಿತ್ತಂತೆ ಇದು?” ಎಂದು ಕೇಳಿ, ಕಿಟಕಿಯ ಬೆಳಕಿಗೆ ತಿರುಗಿ ಬಾಯಿ ತೆರೆದು ತೋರಿಸಿದರು. ಎಡಗೆನ್ನೆಯ ಒಳಗೆ, ಹೊಗೆಸೊಪ್ಪು ಇಡುವಲ್ಲೇ, ಬೆಳ್ಳಗಿನ ಮಚ್ಚೆಯೊಂದಿತ್ತು. ಬರುವ ಸೋಮವಾರ ರಜೆ ಹಾಕಿ ಅವರನ್ನು ಕಿದ್ವಾಯಿ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೇನೆ.