ಕಣದ ಕಾಳಗ, ತುರುಗಾಳಗ

ಕಣದಲ್ಲಿ ಪಳಗಿದ ಮಲ್ಲನು ಊರಂಚಿನಲ್ಲಿ ಹಠಾತ್ತನೆ ಎರಗಿದ ಹಗೆಯೆದುರು ಎಷ್ಟು ಹೊತ್ತು ನಿಂತಾನು? ಪ್ರಾಚೀನ ಕರ್ನಾಟಕದ ಆಕರಗಳು ಈ ಎರಡು ಬಗೆಯ ಕಾಳಗಗಳನ್ನು ಬೇರೆಬೇರೆಯಾಗಿಯೇ ಕಂಡಿವೆ. ಕಲ್ಯಾಣ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ (1126–1138) ‘ಮಾನಸೋಲ್ಲಾಸ’ವು ಮಲ್ಲವಿನೋದವನ್ನೂ ಆಯುಧಪಾಣಿಗಳ ಅಂಕವಿನೋದವನ್ನೂ ಪ್ರತ್ಯೇಕವಾಗಿ ನಿರೂಪಿಸುತ್ತದೆ. ಮಲ್ಲರಿಗೆ ಭಾರವೆತ್ತುವ, ಈಜುವ, ಕಂಬದ ಸಾಧನೆಗಳುಂಟು, ಪುಷ್ಟಿಯಾದ ಆಹಾರವುಂಟು, ವಯಸ್ಸು, ಬಲಗಳನ್ನು ನೋಡಿ ಮಾಡಿದ ತರಗತಿಗಳುಂಟು. ಎಲ್ಲಕ್ಕೂ ಮಿಗಿಲಾಗಿ, ನೋಡಲು ಅರಸನಿದ್ದಾನೆ.

ತುರುಗೊಳ್ ವೀರಗಲ್ಲುಗಳಲ್ಲಿ ಇದಾವುದೂ ಇಲ್ಲ. ಅಲ್ಲಿ ಸಮಬಲದ ಮಾತೇ ಬಾರದು. ಹಸುಗಳನ್ನು ಮರಳಿಸಲು ಹೋದವನು ಬಿಲ್ಲು, ಕತ್ತಿ, ಗುರಾಣಿಗಳಿಂದ ಅನೇಕರೊಡನೆ ಕಾದಿ ಮಡಿದಿದ್ದಾನೆ. ಕಲ್ಲು ನಿಂತಿರುವುದೇ ಅವನು ಬದುಕಿ ಬರಲಿಲ್ಲವೆಂಬುದಕ್ಕೆ ಸಾಕ್ಷಿ.

ಭರತ–ಬಾಹುಬಲಿ ಪ್ರಸಂಗದಲ್ಲಿ ಈ ಎರಡೂ ಲೋಕಗಳು ಎದುರಾಗುತ್ತವೆ. ಸೇನೆಗಳ ವೃಥಾ ಹತ್ಯೆಯನ್ನು ತಪ್ಪಿಸಲು ಮಂತ್ರಿಗಳು ದೃಷ್ಟಿ, ಜಲ, ಮಲ್ಲಯುದ್ಧಗಳನ್ನು ಗೊತ್ತುಪಡಿಸುತ್ತಾರೆ. ಜಿನಸೇನಾಚಾರ್ಯರ ಸಂಸ್ಕೃತ ಮಹಾಪುರಾಣದಲ್ಲಿ ಬಾಹುಬಲಿಯು ಅಣ್ಣನಿಗಿಂತ ಎತ್ತರದವನು. ಭರತನೆರಚಿದ ನೀರು ಅವನ ಮುಖವನ್ನು ಮುಟ್ಟುವುದೇ ಇಲ್ಲ. ಮೊದಲೆರಡು ಸ್ಪರ್ಧೆಗಳಲ್ಲಿ ಗೆದ್ದದ್ದು ಪಟ್ಟುಗಳಲ್ಲ, ದೇಹಪ್ರಮಾಣ ಎನ್ನದೆ ವಿಧಿಯಿಲ್ಲ. ಮಲ್ಲಯುದ್ಧದಲ್ಲಿ ಮಾತ್ರ ನಿಜವಾದ ಪರೀಕ್ಷೆ: ಅಣ್ಣನನ್ನು ಮೇಲೆತ್ತಿದ ತಮ್ಮನು ನೆಲಕ್ಕೆ ಬಡಿಯುವುದಿಲ್ಲ. ಸೋತ ಭರತನಾದರೋ ಒಪ್ಪಂದವನ್ನು ಮೀರಿ ಚಕ್ರರತ್ನವನ್ನು ಬಿಡುತ್ತಾನೆ. ಕಣದ ಕಟ್ಟಳೆ ಮುರಿಯುವುದು ಅಲ್ಲಿಯೇ. ಆ ಆಯುಧಕ್ಕೆ ಎದುರಾಗಿ ಬಾಹುಬಲಿಯ ತೋಳ್ಬಲಕ್ಕೆ ಮಾಡಲು ಏನೂ ಉಳಿದಿರಲಿಲ್ಲ. ಚಕ್ರವು ಅವನಿಗೆ ಪ್ರದಕ್ಷಿಣೆ ಬಂದು ನಿಂತಿತು. ಗೆದ್ದವನು ರಾಜ್ಯವನ್ನು ಬಿಟ್ಟು ತಪಸ್ಸಿಗೆ ನಡೆದನು.