ಇಸ್ರೇಲಿನ ಮೂಲ ಶಾಸನಗಳು ಮತ್ತು ಪ್ಯಾಲೆಸ್ತೀನ್ ರಾಜ್ಯದ ಪ್ರಶ್ನೆ

1948ರ ಮೇ 14ರ ಸ್ವಾತಂತ್ರ್ಯ ಘೋಷಣೆಯು ಅದೇ ವರ್ಷದ ಅಕ್ಟೋಬರ್ 1ರೊಳಗೆ ಸಂವಿಧಾನ ಅಂಗೀಕಾರವಾಗಬೇಕೆಂದು ಸಾರಿತ್ತಾದರೂ, ಇಸ್ರೇಲಿಗೆ ಒಂದೇ ಗ್ರಂಥರೂಪದ ಸಂವಿಧಾನ ಇಂದಿಗೂ ದೊರೆತಿಲ್ಲ. ಅಲ್ಲಿನ ಸಂಸತ್ತಾದ ಕ್ನೆಸೆಟ್ 1950ರಲ್ಲಿ ಒಪ್ಪಿದ ಹರಾರಿ ನಿರ್ಣಯದಂತೆ ಸಂವಿಧಾನವು ಬಿಡಿ ಅಧ್ಯಾಯಗಳಾಗಿ ರಚನೆಗೊಳ್ಳುತ್ತ ಬಂದಿದ್ದು, ಈ ಅಧ್ಯಾಯಗಳನ್ನೇ ‘ಮೂಲ ಶಾಸನ’ಗಳೆಂದು ಕರೆಯಲಾಗುತ್ತದೆ. ದೇಶದ ಗಡಿ ಎಲ್ಲಿಯವರೆಗೆ ಎಂಬುದನ್ನು ಮಾತ್ರ ಇವು ನಿಶ್ಚಯಿಸಿಲ್ಲ.

ಸರ್ವೋಚ್ಚ ನ್ಯಾಯಾಲಯದ ಅಧಿಕಾರವನ್ನು ಮೊಟಕುಗೊಳಿಸಲು ಸರ್ಕಾರ ಹೊರಟ 2023ರ ನ್ಯಾಯಾಂಗ ಸುಧಾರಣೆಯ ವಿವಾದವನ್ನು ಇಸ್ರೇಲಿ ಪೌರರ ಮನೆಯೊಳಗಿನ ಜಗಳವೆಂದು ನೋಡುವುದು ರೂಢಿಯಾಗಿದೆ. ಈ ನೋಟ ಸಾಲದು. ಪಶ್ಚಿಮ ದಂಡೆಯಲ್ಲಿ ಪ್ಯಾಲೆಸ್ತೀನಿಯರ ಖಾಸಗಿ ಜಮೀನಿನ ಮೇಲೆ ಎದ್ದ ಇಸ್ರೇಲಿ ವಸಾಹತುಗಾರರ ಮನೆಗಳನ್ನು ಸಕ್ರಮಗೊಳಿಸುವ 2017ರ ಕಾನೂನನ್ನು ಸರ್ವೋಚ್ಚ ನ್ಯಾಯಾಲಯವು 2020ರ ಜೂನ್‌ನಲ್ಲಿ ರದ್ದುಪಡಿಸಿದಾಗ ಅದಕ್ಕೆ ಆಧಾರವಾದದ್ದು ಮಾನವ ಘನತೆ ಮತ್ತು ಸ್ವಾತಂತ್ರ್ಯ ಕುರಿತ 1992ರ ಮೂಲ ಶಾಸನವೇ. ಅದೇ ನ್ಯಾಯಾಲಯವು ವಸಾಹತು ನೀತಿಯ ಒಟ್ಟಾರೆ ಸಿಂಧುತ್ವವನ್ನು ವಿಚಾರಿಸಲು ಹಿಂಜರಿದಿದೆಯೆಂಬುದೂ ನಿಜ. ಆದರೂ ಅಲ್ಪಸ್ವಲ್ಪ ತಡೆಯೊಡ್ಡಿದ ಸಂಸ್ಥೆ ಅದೊಂದೇ. ನ್ಯಾಯಾಧೀಶರ ಆಯ್ಕೆ ಸಮಿತಿಯಲ್ಲಿ ರಾಜಕೀಯ ಪಕ್ಷಗಳ ಹಿಡಿತವನ್ನು ಬಲಪಡಿಸುವ 2025ರ ಮಾರ್ಚ್‌ನ ಶಾಸನವನ್ನು ಈ ಹಿನ್ನೆಲೆಯಲ್ಲಿಯೇ ಅಳೆಯಬೇಕು.

ಇದಕ್ಕಿಂತ ಆಳವಾದ ಅಸಮತೆಯೊಂದು ಹೆಚ್ಚು ಚರ್ಚೆಯಾಗದೆ ಉಳಿದಿದೆ. 1967ರ ಜೂನ್‌ನಲ್ಲಿ ಪೂರ್ವ ಜೆರುಸಲೇಮಿಗೆ ಇಸ್ರೇಲಿ ಕಾನೂನನ್ನು ವಿಸ್ತರಿಸಲು ಸರ್ಕಾರದ ಒಂದು ಆದೇಶ ಸಾಕಾಯಿತು; 1981ರ ಡಿಸೆಂಬರ್‌ನಲ್ಲಿ ಗೋಲಾನ್ ಪ್ರದೇಶಕ್ಕೂ ಆ ಕಾನೂನನ್ನು ಅನ್ವಯಿಸುವ ಮಸೂದೆಯು ಒಂದೇ ದಿನದಲ್ಲಿ ಕಾನೂನಾಯಿತು. ಹೀಗೆ ಸೇರಿಸಿಕೊಂಡ ನೆಲವನ್ನು ಒಪ್ಪಂದದ ಮೂಲಕ ಬಿಟ್ಟುಕೊಡಬೇಕಾದರೆ ಮಾತ್ರ, 2014ರ ಜನಮತಗಣನೆಯ ಮೂಲ ಶಾಸನದ ಪ್ರಕಾರ, ಕ್ನೆಸೆಟ್‌ನ 120 ಸದಸ್ಯರಲ್ಲಿ 80 ಮಂದಿಯ ಸಮ್ಮತಿ ಬೇಕು, ಇಲ್ಲವೇ ಕ್ನೆಸೆಟ್‌ನ ಬಹುಮತದ ಜೊತೆಗೆ ಜನಮತಗಣನೆಯಲ್ಲಿಯೂ ಗೆಲ್ಲಬೇಕು. ಪಡೆಯುವುದು ಸುಲಭ, ಬಿಡುವುದು ದುಸ್ತರ ಎಂಬ ಈ ವ್ಯವಸ್ಥೆಯು ಸಂಧಾನದ ಮೇಜಿಗೆ ಬರುವ ಮೊದಲೇ ಪ್ಯಾಲೆಸ್ತೀನ್ ರಾಜ್ಯದ ಭೂಪಟವನ್ನು ಕುಗ್ಗಿಸಿಬಿಡುತ್ತದೆ. ಈ ಅಸಮತೆಯನ್ನು ಮುಟ್ಟದ ಯಾವ ಸಂವಿಧಾನ ಸುಧಾರಣೆಯನ್ನೂ ಶಾಂತಿಗೆ ಪೂರಕವೆಂದು ಒಪ್ಪಲಾಗದು. ಅಂಥ ಜನಮತಗಣನೆಯಲ್ಲಿ ಮತದ ಹಕ್ಕಿರುವುದು ಕ್ನೆಸೆಟ್ ಚುನಾವಣೆಯ ಮತದಾರರಾದ ಪೌರರಿಗೆ ಮಾತ್ರ. ಪೂರ್ವ ಜೆರುಸಲೇಮಿನ ಬಹುಪಾಲು ಪ್ಯಾಲೆಸ್ತೀನಿಯರು ಪೌರರಲ್ಲ, ‘ಕಾಯಂ ನಿವಾಸಿ’ಗಳಷ್ಟೇ ಆಗಿರುವುದರಿಂದ, ತಮ್ಮದೇ ಬೀದಿಗಳ ಭವಿಷ್ಯದ ಬಗ್ಗೆ ಅವರಿಗೆ ಮತವಿಲ್ಲ.